ಮೂಗಿನ ಕೆಲಸ

ಗಾಡಿ ನಂದು. ಬಾಯಿ ಅವರವು.
ಶನಿವಾರ ಮೂರಕ್ಕ ಅಕ್ಕಲಕೋಟಿ ಬಿಟ್ಟಾಗ
ಹಿಂದ ಗೈಬಿಸಾ, ಅವನ ಭಾವ ಲತೀಫ,
ಮುಂದ ನನ್ನ ಮಗ್ಗಲದಾಗ ಧುಳಪ್ಪ.
ಕೊರಳಾಗ ಲಿಂಗ ಇದ್ದಾವ ನಾ,
ಸುಟ್ಟ ಮಾಂಸ ಹುಡುಕೂ ಜೀಪು ನಡಸಾವ.
ಹೆಣ್ತಿ ಬಾಗಲದಾಗ ನಿಂತು ನಕ್ಕಳು:
'ಡಬ್ಬ್ಯಾಗ ಕಟಕ ರೊಟ್ಟಿ, ಶೇಂಗಾ ಹಿಂಡಿ ಅವ.
ಬ್ಯಾರೆ ಕುಂತು ತಿನ್ನ್ರಿ.'

ಧುಳಪ್ಪಗ ಶ್ರಾವಣದಾಗ ಜ್ವರ ಬಂದಿತ್ತು.
ಜ್ವರ ಹೋಗೂ ಮುಂದ ಮೂಗು ಒಯ್ದಿತ್ತು.
ಐದು ತಿಂಗಳು.
ಮಲ್ಲಿಗಿ ಇಲ್ಲ, ಸೀಮೆಎಣ್ಣಿ ಇಲ್ಲ,
ಮಗಳ ನೆತ್ತಿ ಮೂಸಿದರ ಬರೇ ಬೆಚ್ಚಗ.
'ಕೆಂಡದ ಮುಂದ ಕುಂಡ್ರಸೂಣು, ತಿರುಗಿ ಬರತದ'
ಅಂದಾವ ಗೈಬಿಸಾ.
ಡಾಕ್ಟರಲ್ಲ, ಗಾದಿ ಹೊಲಿಯಾವ.

ಸೊಲ್ಲಾಪುರ. ವಿಜಾಪುರ ವೇಸಿ. ದೀಪ ಹಚ್ಚೂ ಹೊತ್ತು.
ಸಳಿಗೆ ಮೆತ್ತಿದ ಖೀಮಾ, ಬೀಸಣಿಕಿ ಹುಡುಗ,
ಕಿಡಿ ಹಾರಿ ಲೈಟಿನ ವಾಯರಿನ ತನಕ ಹೋಗಿ ಆರತಾವ.
ಧುಳಪ್ಪ ಅಗೀತಾನ, ಅಗೀತಾನ.
'ಬಿಸಿ ಅದ. ಉಪ್ಪದ. ಖಾರದ. ಮುಂದ?
ನೀ ಹೇಳೋ ಚನ್ನಮಲ್ಲಪ್ಪ, ವಾಸನಿ ಹೆಂಗದ?'
ಎಲ್ಲಾ ಬಿಟ್ಟು ನನಗ ಕೇಳಿದ.
ಗೈಬಿಸಾನ ಬಾಯಿ ತುಂಬಿತ್ತು, ಅದಕ್ಕಿರಬೇಕು.
'ಕಮ್ಮಾರಸಾಲಿ' ಅಂದೆ.
'ಕಾಸಿದ ಕುಡ ನೀರಾಗ ಅದ್ದತಾರಲ್ಲ, ಆ ಉಗಿ.
ಅದರ ಮ್ಯಾಲ ನಿಂಬಿಹಣ್ಣು ಹಿಂಡಿದಂಗ.'
ಅಂವ ಕಣ್ಣು ಮುಚ್ಚಿ ಇನ್ನೊಂದು ತುತ್ತು ಇಟ್ಟುಕೊಂಡ,
ಕಮ್ಮಾರನ ಮನಿ ಹುಡಕ್ಲಿಕ್ಕ ಹೋದಾವ್ನಂಗ.

ಆಯ್ತವಾರ ನಸುಕಿಗೆ ಮಂಗಳವೇಢೆ ದಾರಿ.
ಬಯಲಾಗ ಕುರಿ ತರುಬಿದ್ದ ಸಿದರಾಯ,
ಕಾಲು ಮುರದ ಟಗರು ಕೊಯ್ದಿದ್ದ.
ಜಾಲಿ ಕಡ್ಡಿಗೆ ಚುಚ್ಚಿದ ಕಾಳಿಜ
ಉರಿಯಾಗಲ್ಲ, ಉರಿ ಮಗ್ಗಲದಾಗ ಹಿಡೀತಾನ,
ಹಲ್ಲು ಬರೂ ಕೂಸಿನ ಮುಂದ ಬಳಿ ಹಿಡದಂಗ.
'ಹೇಳು' ಅಂದ ಧುಳಪ್ಪ.
'ಮಳ್ಯಾಗ ತೋಯ್ದ ಕಂಬಳಿ ಒಲಿ ಮುಂದ ಒಣಗತದಲ್ಲ.
ಮತ್ತ... ಪಟಾಕಿ ಹಾರಿಸಿ ಕೈ ಮೂಸತಿದ್ದೆವಲ್ಲ ಸಣ್ಣಂದ್ರಾಗ.
ಆ ಕೈ.'
ಸಿದರಾಯ ಬಿದ್ದು ಬಿದ್ದು ನಕ್ಕ:
'ತಿನ್ನಲಾರದ ಇಷ್ಟು ಹೇಳತಾನ,
ತಿಂದಿದ್ದರ ಪುರಾಣ ಹಚ್ಚತಿದ್ದ!'

ಮಧ್ಯಾಹ್ನಕ್ಕ ಕಸ್ತೂರವ್ವನ ಕರಿ ಹೊಲ.
ನೆಲ ತೋಡಿ ಕುಳ್ಳಿನ ಅಗಟಿ,
ಅದರಾಗ ಹಸಿ ಜ್ವಾಳದ ತೆನಿ.
ಅಂಗೈ ಸುಟ್ಟುಕೊಂತ ತಿಕ್ಕಿ, ಊದಿ,
ಸೀತನಿ ನನ್ನ ಕೈಗೆ ಸುರುವಿದಳು.
ಇದು ನಂದು. ಎರಡು ದಿನದಾಗ ಬೂದಿ ಹತ್ತಿದ್ದು
ನಾ ತಿಂದದ್ದು ಇದೊಂದ.
'ಹೆಂಗದ?'
'ಸೀತನಿ ಇದ್ದಂಗ ಅದ.'
'ಅಂದ್ರ?'
'ಸೀತನೀನ ಅದ ಮಾರಾಯಾ, ಏನ್ ಹೇಳ್ಲಿ!'
ಧುಳಪ್ಪ ಸಿಟ್ಟಿಗೆದ್ದ. ಖರೇನ ಸಿಟ್ಟಿಗೆದ್ದ.
ಬದುವಿನ ಮ್ಯಾಲ ಹೋಗಿ ಬೆನ್ನು ತಿರುವಿ ಕುಂತ.
ಕರಿಲಿಕ್ಕ ಯಾರೂ ಹೋಗಲಿಲ್ಲ.

ತಿರುಗಿ ಬರೂ ಮುಂದ ಕಬ್ಬಿನ ಟ್ರ್ಯಾಕ್ಟರ ಸಾಲು.
ಒಂದಕ್ಕ ಎರಡೆರಡು ಡಬ್ಬಿ, ಆಮಿ ನಡಿಗಿ,
ಎರಡು ತಾಸು ಅರ್ಧಾ ಕ್ಲಚ್ಚಿನ ಮ್ಯಾಲ ನನ್ನ ಕಾಲು.
ನನ್ನ ಮೂಗಿನ ತುಂಬ ಎರಡು ದಿನದ ಹೊಗಿ,
ಹಿಂದಿನವರು ನಿದ್ದಿ.
'ಏನೋ ಸುಡ್ಲಿಕ್ಕತ್ತದ' ಅಂದ ಧುಳಪ್ಪ.
ನಾ ಹೂಂ ಅಂದೆ.
'ಚನ್ನ್ಯಾ, ಗಾಡಿ ನಿಂದರಿಸೋ. ಸುಡ್ಲಿಕ್ಕತ್ತದ!'

ಕ್ಲಚ್ ಪ್ಲೇಟು.
ಲತೀಫ ಜೀಪಿನ ವಂಶಾನ ಬೈದ.
ಧುಳಪ್ಪ ರಸ್ತಾದಾಗ ಅಂಗಾತ ಮಲಗಿ
ಗಾಡಿ ಹೊಟ್ಟಿ ಕೆಳಗ ಮುಖ ಹಾಕಿದ್ದ.
'ಹೇಳ್ಲಿ? ನಾ ಹೇಳ್ಲೇನೋ?
ಸುಟ್ಟ ಚಪ್ಪಲಿ! ಸುಟ್ಟ ಕೂದಲ!
ಅದರ ಮ್ಯಾಲ ಕೊಳತ ತತ್ತಿ, ಥೂ, ಥೂ...'
ಥೂ ಅನ್ನತಾನ, ಹೊರಗ ಬರವಲ್ಲ.

ಮಿಸ್ತ್ರಿ ಬರಲಿಕ್ಕ ರಾತ್ರಿ ಒಂಬತ್ತು.
ಖರ್ಚು ನಾಲ್ಕು ಸಾವಿರದ ಆರುನೂರು.
ನನ್ನ ರೊಟ್ಟಿ ಡಬ್ಬಿ ಮೂಸಿ, ಕಬ್ಬಿನ ರವದಿ ಮೂಸಿ,
ಗೈಬಿಸಾನ ಹೆಗಲು ಮೂಸಿ ಬೈಸಿಕೊಂಡು
ಕಲ್ಲಿನ ಮ್ಯಾಲ ಬಂದು ಕುಂತ.
'ಊರು ಮುಟ್ಟೂದ್ರಾಗ ಮಗಳು ಮಲಗಿರತಾಳ' ಅಂದ.
ಒಂದು ಗಳಿಗಿ ಸುಮ್ಮನಿದ್ದು
'ಮಲಗಿದ್ದರ ಛಲೋನ ಆತು' ಅಂದ.