ದೇವತೆಗಳ ಪಾಲು

ಸೋಡಾ ಬಗ್ಗಿಸಹೋದ ನನ್ನ ಕೈ ಹಿಡಿದರು ಮರಿಲಿಂಗಯ್ಯ:
"ತಡಿ ಕಣಪ್ಪ, ಮೊದ್ಲು ಮೂಗಿಗೆ ಕೊಡು."
ಬೋಟಿ ಗೊಜ್ಜಿನ ತಟ್ಟೆ ದೂರ ಸರಿಸಿದರು.

ಮೂವತ್ತೊಂದು ವರ್ಷ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ
ಕಾಕಂಬಿಯ ಸಾರಾಯಿ ಮೂಸಿ ದರ್ಜೆ ಬರೆದ ಮೂಗು;
ನಾಲಿಗೆಗೆ ಒಂದು ಹನಿ ಸೋಕಿಸಿದ್ದಿಲ್ಲ.

ಸ್ಟೀಲ್ ಲೋಟದೊಳಗೆ ಸ್ಕಾಚು. ಕಣ್ಣು ಮುಚ್ಚಿ,
"ಹೊಗೆ. ನಮ್ ಆಲೆಮನೇದಲ್ಲ.
ರಚ್ಚು ಉರಿದ್ರೆ ಸಿಹಿ ಹೊಗೆ. ಇದು
ಒದ್ದೆ ನೆಲಾನೇ ಸುಟ್ಟಿರೋದು."

ನಾಲೆ ನೀರು, ಮೂರೇ ಹನಿ.
ವಾಸನೆ ಮಗ್ಗುಲು ಬದಲಿಸಿತು.

"ಪೀಪಾಯೀಲಿ ಹನ್ನೆರಡು ವರ್ಷ.
ಆರಿಹೋದದ್ದು ದೇವತೆಗಳ ಪಾಲಂತೆ ಅಲ್ಲಿ.
ನಮ್ ಬಿಸ್ಲಲ್ಲಿಟ್ಟಿದ್ರೆ ಪೂರಾ ಅವರೇ ಕುಡ್ದು
ನಮಗೆ ಬರೀ ಪೀಪಾಯಿ."

ನಕ್ಕು, ಲೋಟ ನನ್ನತ್ತ ನೂಕಿದರು.
ಬಿರಡೆಯನ್ನಷ್ಟೇ ಮುಷ್ಟಿಯಲ್ಲಿಟ್ಟು
ಸೈಕಲ್ ಹತ್ತಿದರು,
ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು.