ಹದಿನೇಳನೆಯ ಪ್ರಶ್ನೆ

ಪುಸ್ತಕ ಅವನದು, ಓದುವ ಗಂಟಲು ನನ್ನದು.
ಥಂಡರ್ ಬೇ ಊರಿನಾಚೆ, ಕೆಟ್ಟ ಗಾಡಿಗಳ ಅಂಗಳದ ತುದಿಗೆ
ಒಂದು ತಗಡಿನ ಕೋಣೆ, ಒಂದು ಹೀಟರು, ಎರಡು ಫೋನು,
ವೈರ್‌ಲೆಸ್ಸಿನ ಮೈಕು, ಅದರ ಕುತ್ತಿಗೆಗೆ ನನ್ನ ಹಳೇ ಕಾಲುಚೀಲ;
ಬರಿಲೋಹ ಮುಟ್ಟಿದರೆ ಬೆರಳು ಅಂಟುವ ಚಳಿ.

ರಾತ್ರಿಯಿಡೀ ಗಾರ್ನೆಟ್ ಹೆದ್ದಾರಿಯ ಮೇಲೆ.
ಹಳ್ಳಕ್ಕಿಳಿದ ಕಾರುಗಳಿಗೆ ಕೊಕ್ಕೆ ಹಾಕಿ ಎಳೆಯುತ್ತಾನೆ,
ನಡುವೆ ಬಿಡುವಾದರೆ, ‘ಐಲಾ, ಒಂದು ಓದು’ ಅನ್ನುತ್ತಾನೆ.
ಫೆಬ್ರವರಿಗೆ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ.
ನಲವತ್ತೊಂದರ ಗಂಡಸು. ಇದು ಮೂರನೆಯ ಸಲ.

ಓದುತ್ತೇನೆ:
‘ಒಂದು ಪಟ್ಟಣದಲ್ಲಿ ಬೀದಿದೀಪ ಹೆಚ್ಚಿಸಿದರು.
ಅದೇ ವರ್ಷ ಕಳ್ಳತನ ಇಳಿಯಿತು.
ಆದ್ದರಿಂದ ಕಳ್ಳರನ್ನು ಓಡಿಸಿದ್ದು ದೀಪ.
ಈ ವಾದವನ್ನು ದುರ್ಬಲಗೊಳಿಸುವುದು ಯಾವುದು?’
ಎ, ಬಿ, ಸಿ, ಡಿ, ಇ, ಐದನ್ನೂ ಓದುತ್ತೇನೆ,
ನಿಧಾನಕ್ಕೆ, ಔಷಧಿಯ ಚೀಟಿ ಓದುವವಳ ಹಾಗೆ.
ಆ ಕಡೆ ಎಂಜಿನ್ನಿನ ಗುರುಗುರು, ವೈಪರಿನ ಕಿರಿಕಿರಿ.
‘ಬಿ.’
‘ಯಾಕೆ?’
‘ಅನ್ನಿಸಿತು.’

ಅನ್ನಿಸಿದ್ದಕ್ಕೆ ಅಂಕವಿಲ್ಲ ಗಾರ್ನೆಟ್.
ಕಾಗೆ ಕೂತಿತು, ಕೊಂಬೆ ಮುರಿಯಿತು;
ನಡುವೆ ಹುಳ ತಿಂದ ಒಂದು ಗೆಣ್ಣು ಇರುತ್ತದೆ,
ಯಾರೂ ಬಾಯಿಬಿಟ್ಟು ಹೇಳದ್ದು.
ಅದನ್ನು ಹುಡುಕು ಅಂತಲೇ ಇಡೀ ಪುಸ್ತಕ.

ನವೆಂಬರಿನಲ್ಲಿ ಹಿಂದಿನ ಪುಟದ ಉತ್ತರ ನೋಡಿಕೊಂಡೇ ಓದುತ್ತಿದ್ದೆ.
ಡಿಸೆಂಬರಿಗೆ ನೋಡದೆ ಗುರುತು ಹಾಕತೊಡಗಿದೆ.
ಈಗ ಅಂಚಿನಲ್ಲಿ, ಸಣ್ಣಗೆ, ನನ್ನ ಪೆನ್ಸಿಲ್ಲು
ಅವನ ಬಾಯಿಗಿಂತ ಹೆಚ್ಚು ಸಲ ಸರಿ.
ಹೇಳಿಲ್ಲ. ಬೆಳಗ್ಗೆ ಪುಸ್ತಕ ಮರಳಿಸುವ ಮೊದಲು
ಎಲ್ಲ ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಕೊಡುತ್ತೇನೆ.

ಚಟವೂ ಹತ್ತಿತು.
‘ಭಾನುವಾರ ಪೆಟ್ರೋಲ್ ತುಂಬಿಸಿದ್ದೆ,
ಅಂದಮೇಲೆ ಪೆಟ್ರೋಲಿನ ದೋಷ ಅಲ್ಲವೇ ಅಲ್ಲ’
ಫೋನಿನಲ್ಲಿ ಒಬ್ಬರು ಪಾದ್ರಿ.
ಗುರುವಾರದವರೆಗೆ ಕಾರು ಕದಲಲಿಲ್ಲ ಎಂಬ ಊಹೆ, ಪಾದ್ರಿಗಳೇ.
‘ಒಂದೇ ಬಿಯರ್ ಕುಡಿದದ್ದು’
ಲೋಟದ ಅಳತೆ ಹೇಳಿಲ್ಲ.
‘ಅಮ್ಮಾ, ಚೆನ್ನಾಗಿದ್ದೀನಿ’ ವಿನ್ನಿಪೆಗ್ಗಿನಿಂದ ಮಗಳು.
ಆಧಾರ ಕೊಟ್ಟಿಲ್ಲ. ನಾನೂ ಕೇಳಲಿಲ್ಲ.

ಜನವರಿ ಹತ್ತೊಂಬತ್ತು. ಸೊನ್ನೆಗಿಂತ ಕೆಳಗೆ ಮೂವತ್ತನಾಲ್ಕು.
ನಿಪಿಗನ್ ದಾರಿಯಲ್ಲಿ ದಿಮ್ಮಿ ಹೊತ್ತ ಲಾರಿ ಅಡ್ಡಬಿದ್ದಿದೆ.
ಹೋಗುತ್ತ ಹದಿನೇಳನೆಯದನ್ನು ಕೇಳಿಸಿಕೊಂಡ:
ಸರೋವರದಲ್ಲಿ ದೋಣಿ ಕಡಿಮೆಯಾದವು,
ಅದಕ್ಕೇ ಪೇಟೆಗೆ ಮೀನು ಬರುತ್ತಿಲ್ಲ, ಇತ್ಯಾದಿ.
‘ತಾಳು, ಯೋಚಿಸ್ತೀನಿ.’
ಆಮೇಲೆ ಮರಳು ಸುರಿದಂಥ ಸದ್ದು. ಆಮೇಲೆ ಅದೂ ಇಲ್ಲ.

‘ಮೂರನೇ ಗಾಡಿ. ಮೂರನೇ ಗಾಡಿ.’
ನಾಲ್ಕು ನಿಮಿಷ.
ಏಳು.

ಈ ಮೌನವನ್ನು ಅತ್ಯಂತ ಸಮರ್ಪಕವಾಗಿ ವಿವರಿಸುವುದು
ಕೆಳಗಿನವುಗಳಲ್ಲಿ ಯಾವುದು?
ಎ. ಬಂಡೆ ಸೀಳಿದ ತಿರುವಿನಲ್ಲಿ ಸಿಗ್ನಲ್ ಸತ್ತಿದೆ.
ಬಿ. ಕೆಳಗಿಳಿದು ಸರಪಳಿ ಬಿಗಿಯುತ್ತಿದ್ದಾನೆ, ಕೈಗವಸು ಹಲ್ಲಿನಲ್ಲಿ.
ಸಿ. ಮುನಿಸು. ನಿನ್ನೆ ‘ತಪ್ಪು’ ಅಂದದ್ದು ತುಸು ಬೇಗ ಅಂದೆ.
ಡಿ.
ಡಿಯನ್ನು ಓದಲಾರೆ.

ಕೊಟ್ಟ ವಾಕ್ಯದ ಆಚೆಯಿಂದ ಏನನ್ನೂ ತರಬೇಡ
ಅನ್ನುತ್ತದೆ ಪುಸ್ತಕದ ಎರಡನೇ ಪುಟ.
ತಂದೆ. ಗೂಟದಲ್ಲಿ ಇನ್ನೂ ನೇತಾಡುವ ಉಣ್ಣೆಯ ಟೋಪಿ,
ಅದರ ಹುಡುಗ ಟೊಯ್ವೊ, ರಸ್ತೆಯಂಚಿನಲ್ಲಿ ಬಗ್ಗಿ ಕೊಕ್ಕೆ ಸಿಕ್ಕಿಸುವಾಗ
ಹಿಂದಿನಿಂದ ಬಂದ ಬೆಳಕು.
ಒಬ್ಬನಿಗೆ ಆಯಿತೆಂದು ಇನ್ನೊಬ್ಬನಿಗೂ ಆಗಬೇಕಿಲ್ಲ,
ಇದು ದುರ್ಬಲ ಹೋಲಿಕೆ, ಪುಟ ಅರವತ್ತು,
ಗೊತ್ತು, ಗೊತ್ತು, ಮೈಕು ಹಿಡಿದ ಕೈಗೆ ಗೊತ್ತಿಲ್ಲ.

ಹನ್ನೆರಡನೆಯ ನಿಮಿಷಕ್ಕೆ ಕರಕರ.
‘ಡಿ,’ ಅಂದ.

‘ಏನು ಡಿ? ಏನು ಡಿ, ಗಾರ್ನೆಟ್?’

‘ಹದಿನೇಳು. ಮೀನು ಇಲ್ಲದ್ದಕ್ಕೇ ದೋಣಿ ದಡ ಸೇರಿದ್ದು.
ಬಾಲ ಹಿಡಿದು ತಲೆ ಅಂದಿದ್ದಾರೆ. ಡಿ.
ಡ್ರೈವರಿಗೆ ಏನೂ ಆಗಿಲ್ಲ. ಕಾಫಿ ಕಾಯಿಸಿಡು.’

ಪುಟ ತಿರುಗಿಸಿ ನೋಡಿದೆ. ಡಿ.
ಅಂಚಿನಲ್ಲಿ ನನ್ನ ಪೆನ್ಸಿಲ್ ಬರೆದದ್ದು ಎ.
ಬೆಳಗ್ಗೆ ಉಳಿದವನ್ನೆಲ್ಲ ಉಜ್ಜಿದೆ,
ಆ ಒಂದನ್ನು ಬಿಟ್ಟು.