ಆರುವ ತನಕ

ಆ ಅರ್ಜಿ ಬಂದದ್ದು ಒಂದು ಮಂಗಳವಾರ, ಮಾಮೂಲಿ ಕಂತೆಯಲ್ಲಿ.
ನಾನು ಲಂಡನ್ನಿನಲ್ಲಿ ಮಾಜಿ ಮಂತ್ರಿಗಳಿಗೆ ಕಾಗದ ಬರೆಯುವ ಗುಮಾಸ್ತ.
ಕುರ್ಚಿ ಬಿಟ್ಟವರು ಹೊಸ ಕೆಲಸ ಹಿಡಿಯುವ ಮುನ್ನ
ನಮ್ಮ ಸಮಿತಿಯನ್ನು ಒಂದು ಮಾತು ಕೇಳಬೇಕು.
ಕೇಳಿದರೆ ನಾವು ಹೇಳುತ್ತೇವೆ;
ಹೇಳಿದ್ದನ್ನು ಕೇಳಲೇಬೇಕೆಂದೇನೂ ಇಲ್ಲ.

ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ ಎಂದು
ನಮ್ಮ ಕಡೆ ಒಂದೇ ಉಸಿರಿಗೆ ಮುಗಿಸಿಬಿಡುತ್ತಾರೆ.
ಇಲ್ಲಿ ಅದಕ್ಕೆ ಹದಿನಾಲ್ಕು ಪುಟದ ಫಾರಂ:
ಯಾವ ಮರ, ಎಷ್ಟು ಹುಟ್ಟು,
ಜೇನುಗಳ ಜೊತೆ ಕೊನೆಯ ಸಲ ಮಾತಾಡಿದ ತಾರೀಕು.

ಬಂದರು ಖಾತೆಯಿಂದ ಬಂದವರು ಬಂದರು ಕಂಪನಿಗೆ,
ಔಷಧದವರು ಔಷಧಕ್ಕೆ.
'ಸಲಹೆಗಾರ' ಎಂಬ ಪದ ನನ್ನ ಬೆರಳುಗಳಿಗೆ ಬಾಯಿಪಾಠ.
ಎರಡು ವರ್ಷ ಸರ್ಕಾರದ ಬಾಗಿಲು ತಟ್ಟಬಾರದು,
ಒಳಗೆ ಕೇಳಿದ್ದನ್ನು ಹೊರಗೆ ಮಾರಬಾರದು:
ಬಿಸಿ ಆರಲಿ ಎಂದು ಇಟ್ಟ ಅವಧಿ ಅದು.
ಹಾಲಿಗಾದರೆ ಕಾಲು ಗಂಟೆ ಸಾಕು.

ಈ ಅರ್ಜಿ ಮಾತ್ರ ಗ್ರಿಮ್ಸ್‌ಬಿಯಿಂದ.
ಡೆಸ್ಮಂಡ್ ಥರ್ಕೆಟಲ್, ಮೀನುಗಾರಿಕೆಯ ಕಿರಿಯ ಮಂತ್ರಿ, ಹನ್ನೊಂದೇ ತಿಂಗಳು.
ಸೋತ ಮೇಲೆ, ನಾದಿನಿ ಮಾರೀನಳ ಕರಿದ ಮೀನಿನ ಅಂಗಡಿಯಲ್ಲಿ
ವಾರಕ್ಕೆ ಮೂರು ಸಂಜೆ, ಗಂಟೆಗೆ ಹದಿಮೂರು ಪೌಂಡು.
'ಕರ್ತವ್ಯಗಳು' ಎಂಬ ಖಾನೆಯಲ್ಲಿ, ನೀಲಿ ಶಾಯಿಯ ಗುಂಡು ಅಕ್ಷರ:
ಹಿಟ್ಟು ಕಲಸುವುದು. ಮೀನು ತಿರುವಿಹಾಕುವುದು. ಚಿಲ್ಲರೆ ಕೊಡುವುದು.

ಸಮಿತಿ ನಕ್ಕಿತೆಂದು ತಿಳಿಯಬೇಡಿ.
ನಾಲ್ಕು ತಿಂಗಳು ಕೂತಿತು.
ಕಾಡ್ ಮೀನಿನ ಕೋಟಾ ಗೊತ್ತಿದ್ದವರು
ಕಾಡ್ ಮೀನನ್ನೇ ಕರಿಯುವುದು ಎಷ್ಟು ಸರಿ?
ಹ್ಯಾಡಕ್ ಆದರೆ ಪರವಾಗಿಲ್ಲವೇ?
ಸದಸ್ಯೆಯೊಬ್ಬರು ಎಣ್ಣೆ ಎಲ್ಲಿಯದೆಂದು ವಿಚಾರಿಸಿದರು.
ಇಲಾಖೆಗೆ ಬರೆದೆವು. ಅಭ್ಯಂತರವಿಲ್ಲ,
ಆದರೆ ಹಾಗೆಂದು ನಮ್ಮ ಹೆಸರು ಹೇಳಬೇಡಿ, ಎಂದಿತು ಇಲಾಖೆ.

ಆ ನಾಲ್ಕು ತಿಂಗಳಲ್ಲೇ ಒಂದು ಶುಕ್ರವಾರ
ಪೆರೆಗ್ರಿನ್ ಆಷ್‌ಕೂಂಬ್ ಸಾಹೇಬರು
ಹಡಗುಕಟ್ಟೆ ಕಂಪನಿಯೊಂದಕ್ಕೆ ಅಧ್ಯಕ್ಷರಾದದ್ದನ್ನು
ನಾವು ಎಲ್ಲರ ಹಾಗೆ ಪೇಪರಿನಲ್ಲಿ ಓದಿದೆವು.
ಅವರಿಗೂ ಕಾಗದ ಹೋಯಿತು, ನಾನೇ ಬರೆದದ್ದು:
"ವಿಷಾದದಿಂದ ಗಮನಿಸಿದ್ದೇವೆ."
ಅದಕ್ಕಿಂತ ಖಾರದ ಕ್ರಿಯಾಪದ ನಮ್ಮ ಉಗ್ರಾಣದಲ್ಲಿಲ್ಲ.

ಥರ್ಕೆಟಲ್ ಕಾದರು. ಅನುಮತಿ ಬರುವವರೆಗೆ
ಅಂಗಡಿಯ ಕಿಟಕಿಯನ್ನು ಹೊರಗಿನಿಂದ ಒರೆಸಿಕೊಂಡಿದ್ದರು, ಸಂಬಳವಿಲ್ಲದೆ,
ಅದಕ್ಕೂ ನಮ್ಮನ್ನು ಕೇಳಿ.

ನವೆಂಬರಿನಲ್ಲಿ ನಾನು ರೈಲು ಹತ್ತಿದೆ. ಯಾಕೆಂದು ಯಾರಿಗೂ ಹೇಳಲಿಲ್ಲ.
ಆವಿ ಹಿಡಿದ ಗಾಜು, ವಿನಿಗರ್ ವಾಸನೆ, ಬಾಗಿಲಾಚೆಗೂ ಸಾಲು.
ಪತ್ರಿಕೆಯ ಫೋಟೋಗಿಂತ ಕುಳ್ಳ; ಹುಬ್ಬಿನ ಮೇಲೆ ಹಿಟ್ಟು.
ನನ್ನ ಮುಂದಿದ್ದ ಮುದುಕ ಕೇಳಿದ:
"ಡೆಸ್, ಬರುವ ವರ್ಷ ನಮಗೆ ಎಷ್ಟು ಟನ್ನು ಬಿಡುತ್ತಾರಂತೆ?"
ಇಡೀ ಅಂಗಡಿ ಕಿವಿಯಾಯಿತು.
ಅವರು ಜಾಲರಿ ಎತ್ತಿ ಎಣ್ಣೆ ಬಸಿದರು.
"ಜುಲೈ ಒಂಬತ್ತು ಕಳೆದ ಮೇಲೆ ಬಾ, ನೆವಿಲ್.
ಅಷ್ಟರಲ್ಲಿ ನನಗೆ ಗೊತ್ತಿರುವುದೆಲ್ಲ ಹಳಸಿರುತ್ತದೆ. ಬಿಟ್ಟಿ ಹೇಳುತ್ತೇನೆ."
ಯಾರೋ ನಕ್ಕರು. ನೆವಿಲ್ ನಗಲಿಲ್ಲ.
ದೋಣಿ ಮಾರಲೋ ಬೇಡವೋ ಎಂದು ತೂಗುತ್ತಿದ್ದವನು ಅವನು;
ಅವನಿಗೆ ಬಿಸಿಯದ್ದೇ ಬೇಕಿತ್ತು.

ಗಲ್ಲಾಪೆಟ್ಟಿಗೆಯ ಹಿಂದೆ, ಬೆಲೆಪಟ್ಟಿಯ ಪಕ್ಕ,
ಮೊಳೆಗೆ ಸಿಕ್ಕಿಸಿದ ನನ್ನ ಕಾಗದ.
ಎಣ್ಣೆ ತಾಗಿ ಅಂಚು ಪಾರದರ್ಶಕವಾಗಿತ್ತು,
ನಾವು ಬಯಸಿದ ಪಾರದರ್ಶಕತೆ ಅಷ್ಟರಮಟ್ಟಿಗೆ ಬಂದಿತ್ತು.
ಎರಡನೇ ಪ್ಯಾರಾದಲ್ಲಿ ಒಂದು ಅಲ್ಪವಿರಾಮ ತಪ್ಪಿತ್ತು. ಈಗ ಕಂಡಿತು.

ನನ್ನ ಸರದಿ. ಹೆಸರು ಹೇಳಲಿಲ್ಲ.
ಇಪ್ಪತ್ತರ ನೋಟು ಕೊಟ್ಟೆ. ಚಿಲ್ಲರೆಯನ್ನು ಎರಡು ಸಲ ಎಣಿಸಿ
ಅಂಗೈಯಲ್ಲಿಟ್ಟರು.
"ಬಿಸಿ ಇದೆ. ಸ್ವಲ್ಪ ಆರಲಿ," ಎಂದರು.

ಹೊರಗೆ ಹಂಬರ್ ಕಡೆಯ ಗಾಳಿ.
ನಾನು ಕಾಯಲಿಲ್ಲ.
ನಾಲಿಗೆ ಸುಟ್ಟಿತು.